ಪೈಲ್ಸ್ ಆಪರೇಶನ್ ಆದಮೇಲೆ: ಯಾವ ದಿನ ಏನು ನೋಡಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು

ಮೂಲವ್ಯಾಧಿ ಆಪರೇಶನ್ ಮಾಡಿಸಿಕೊಂಡು ಮನೆಗೆ ಹೋದವರು ಮತ್ತೆ ಸರ್ಜರಿ ವಾರ್ಡಿಗೆ ವಾಪಸ್ ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಕೆಲವರು ನೋವಿನ ಭಯಕ್ಕೆ ಮೊದಲ ಮೂರ್ನಾಲ್ಕು ದಿನ ಸಂಡಾಸ ತಡೆದುಕೊಂಡಿರುತ್ತಾರೆ. ಮಲ ಒಳಗೇ ಗಟ್ಟಿಯಾಗಿ ಕೂತಿರುತ್ತದೆ. ಇನ್ನು ಕೆಲವರಿಗೆ ವಾರ ಕಳೆದು ನೋವು ಇಳಿದಿರುತ್ತದೆ, "ಇನ್ನ ಆರಾಮ ಆತು" ಅಂತ ಊರೂರು ತಿರುಗುವಾಗ ಎಂಟನೇ ದಿನವೋ ಹತ್ತನೇ ದಿನವೋ ಇದ್ದಕ್ಕಿದ್ದಂತೆ ರಕ್ತ ಬೀಳುತ್ತದೆ. ವಿಜಯಪುರದ ವಾರ್ಡಿನಲ್ಲಿ ನರ್ಸ್ ಆಗಿ ಇದೇ ಮಾತನ್ನು ಡಿಸ್ಚಾರ್ಜ್ ದಿನ ಎಷ್ಟು ಸಲ ಹೇಳಿದರೂ ಮನೆಗೆ ಹೋಗುವ ಗಡಿಬಿಡಿಯಲ್ಲಿ ಅರ್ಧ ಕಿವಿಗೆ ಬೀಳುವುದಿಲ್ಲ. ಅದಕ್ಕೇ ದಿನಗಳ ಕ್ರಮದಲ್ಲಿ ಬರೆಯುತ್ತಿದ್ದೇನೆ. ರೋಗಿ ಮಾತ್ರವಲ್ಲ, ಮನೆಯಲ್ಲಿ ನೋಡಿಕೊಳ್ಳುವವರೂ ಓದಬೇಕು.

ಇಲ್ಲಿರುವ ದಿನಗಳ ಲೆಕ್ಕ ಮುಖ್ಯವಾಗಿ ಗಂಟು ಕತ್ತರಿಸಿ ತೆಗೆದ ಆಪರೇಶನ್ನಿಗೆ ಸೇರಿದ್ದು. ಲೇಸರ್, ಸ್ಟೇಪ್ಲರ್, ರಬ್ಬರ್ ಬ್ಯಾಂಡ್, ಕ್ಷಾರಸೂತ್ರ (ಔಷಧಿ ಸವರಿದ ದಾರ ಕಟ್ಟುವುದು) ಮಾಡಿಸಿಕೊಂಡವರಿಗೆ ನೋವು ಮತ್ತು ದಿನಗಳಲ್ಲಿ ವ್ಯತ್ಯಾಸ ಇರುತ್ತದೆ, ಅಪಾಯದ ಲಕ್ಷಣಗಳು ಮಾತ್ರ ಹೆಚ್ಚುಕಡಿಮೆ ಅವೇ. ನಿಮ್ಮ ಸರ್ಜನ್ ಬೇರೆ ರೀತಿ ಹೇಳಿದ್ದರೆ ಅವರ ಮಾತೇ ನಡೆಯಬೇಕು.

ಮೊದಲೇ ತಂದಿಟ್ಟುಕೊಳ್ಳಬೇಕಾದದ್ದು

ಆಪರೇಶನ್ನಿನ ಹಿಂದಿನ ದಿನವೇ ಇವು ಮನೆಯಲ್ಲಿರಲಿ. ಆದಮೇಲೆ ಓಡಾಡಿ ತರುವುದು ಆಗುವುದಿಲ್ಲ.

ಕುಳಿತುಕೊಳ್ಳಲು ಬರುವಷ್ಟು ಅಗಲದ ಪ್ಲಾಸ್ಟಿಕ್ ಟಬ್. ಇದನ್ನು ಬಟ್ಟೆ ನೆನೆಸಲು, ಪಾತ್ರೆ ತೊಳೆಯಲು ಬಳಸಬಾರದು. ಒಂದು ಡಿಜಿಟಲ್ ಥರ್ಮಾಮೀಟರ್. ಸ್ಯಾನಿಟರಿ ಪ್ಯಾಡ್ ಎರಡು ಪ್ಯಾಕೆಟ್. ಗಂಡಸರಿಗೂ ಬೇಕು, ಅದರಲ್ಲಿ ನಾಚಿಕೆ ಏನೂ ಇಲ್ಲ, ರಕ್ತ ಎಷ್ಟು ಹೋಯಿತು ಅಂತ ಅಳೆಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದು ಲೀಟರಿನ ಬಾಟಲಿ, ಕುಡಿದ ನೀರಿನ ಲೆಕ್ಕಕ್ಕೆ. ಇಸಬಗೋಲ್ ಮತ್ತು ಡಾಕ್ಟರ್ ಬರೆದ ಮಲ ಮೆತ್ತಗಾಗುವ ಸಿರಪ್.

ಮನೆಯಲ್ಲಿ ಕೆಳಗೆ ಕುಕ್ಕರಗಾಲಲ್ಲಿ ಕೂರುವ ಸಂಡಾಸ ಮಾತ್ರ ಇದ್ದರೆ, ಅದರ ಮೇಲೆ ಇಡುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಜೊತೆಗೆ ಕಾಲಿಡಲು ಒಂದು ಗಿಡ್ಡ ಮಣೆ. ನಡುವೆ ತೂತಿರುವ ಗಾಳಿ ದಿಂಬು ಬೇಡ. ಬಹಳ ಮಂದಿ ದುಡ್ಡು ಕೊಟ್ಟು ತರುತ್ತಾರೆ, ಆದರೆ ಅದರ ಮೇಲೆ ಕೂತರೆ ನಡುವಿನ ಭಾಗ ಕೆಳಗೆ ಜಗ್ಗಿದಂತಾಗಿ ಬಾವು ಹೆಚ್ಚುತ್ತದೆ. ಮೆತ್ತನೆಯ ಸಾದಾ ದಿಂಬು ಸಾಕು.

ಹಂತ 1: ಆಸ್ಪತ್ರೆ ಬಿಡುವ ಮೊದಲು ಕೇಳಬೇಕಾದದ್ದು

ಡಿಸ್ಚಾರ್ಜ್ ಕಾರ್ಡ್ ಕೈಗೆ ಬಂದ ಕೂಡಲೇ ಹೊರಡಬೇಡಿ. ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಮೇಲೆ ಹೊರಡಿ: ಯಾವ ಬಗೆಯ ಆಪರೇಶನ್ ಆಗಿದೆ? ಒಳಗೆ ಗಾಜ್ ಬಟ್ಟೆ ಇಟ್ಟಿದ್ದೀರಾ, ಇಟ್ಟಿದ್ದರೆ ಯಾವಾಗ ತೆಗೆಯಬೇಕು? ಯಾವ ಗುಳಿಗೆ ನೋವಿಗೆ, ಯಾವುದು ಮಲ ಮೆತ್ತಗಾಗಲು? ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಮತ್ತೆ ತೋರಿಸಲು ಯಾವ ದಿನ ಬರಬೇಕು?

ಹೃದಯಕ್ಕೋ ಪಾರ್ಶ್ವವಾಯುವಿಗೋ ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುವವರು, ಅಂದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಇಂಥವು, ಯಾವ ದಿನದಿಂದ ಮತ್ತೆ ಶುರು ಮಾಡಬೇಕು ಅನ್ನುವುದನ್ನು ಕಾರ್ಡಿನ ಮೇಲೆ ಬರೆಸಿಕೊಳ್ಳಬೇಕು. ತಾವೇ ನಿಲ್ಲಿಸಿದರೂ ಅಪಾಯ, ತಾವೇ ಶುರು ಮಾಡಿದರೂ ಅಪಾಯ.

ಇನ್ನೊಂದು ಮಾತು ಊರಿನ ದೂರದ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯ ಹಳ್ಳಿಗಳಿಂದ ವಿಜಯಪುರಕ್ಕೆ, ಬಾದಾಮಿ, ಹುನಗುಂದದಿಂದ ಬಾಗಲಕೋಟೆಗೆ, ರಾಮದುರ್ಗ, ಅಥಣಿಯಿಂದ ಬೆಳಗಾವಿಗೆ ಬಂದು ಆಪರೇಶನ್ ಮಾಡಿಸಿಕೊಳ್ಳುವವರು ಬಹಳ. ನಡುರಾತ್ರಿ ರಕ್ತ ಬಿದ್ದರೆ ಯಾರ ಗಾಡಿ, ಯಾವ ಆಸ್ಪತ್ರೆ, ಎಷ್ಟು ಹೊತ್ತು ಅನ್ನುವುದನ್ನು ಹಗಲಿನಲ್ಲೇ ಮಾತಾಡಿ ಇಟ್ಟುಕೊಳ್ಳಿ. ಹತ್ತಿರದಲ್ಲಿ ಸರ್ಜನ್ ಇರುವ ಆಸ್ಪತ್ರೆ ಇಲ್ಲದಿದ್ದರೆ ಎರಡು ವಾರ ಪಟ್ಟಣದಲ್ಲಿರುವ ಬೀಗರ ಮನೆಯಲ್ಲೋ ತಂಗಿಯ ಮನೆಯಲ್ಲೋ ಉಳಿದರೆ ತಪ್ಪಿಲ್ಲ.

ಹಂತ 2: ಮೊದಲ 24 ಗಂಟೆ

ಈ ದಿನ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮೂತ್ರ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಶನ್ ಮಾಡಿದವರಿಗೆ, ವಯಸ್ಸಾದ ಗಂಡಸರಿಗೆ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಮೂತ್ರ ಕಟ್ಟುವುದು ಸಾಮಾನ್ಯ. ಆರರಿಂದ ಎಂಟು ಗಂಟೆ ಕಳೆದರೂ ಮೂತ್ರ ಆಗಿಲ್ಲ, ಕಿಬ್ಬೊಟ್ಟೆ ಉಬ್ಬಿ ಬಿಗಿಯಾಗಿದೆ ಅಂದರೆ ಕೂಡಲೇ ಹೇಳಬೇಕು. "ನೀರು ಕುಡಿದರೆ ಬರುತ್ತದೆ" ಅಂತ ಚೊಂಬುಗಟ್ಟಲೆ ಕುಡಿಸುವುದು ಇಲ್ಲಿನ ಮಾಮೂಲಿ ತಪ್ಪು. ಕಟ್ಟಿದ ಮೂತ್ರದ ಚೀಲ ಇನ್ನಷ್ಟು ಹಿಗ್ಗುತ್ತದೆ. ಹನಿಹನಿಯಾಗಿ ಬರುತ್ತಿದೆ ಅಂದರೂ ಸಮಾಧಾನ ಬೇಡ, ಚೀಲ ತುಂಬಿ ಉಕ್ಕಿದಾಗಲೂ ಹಾಗೇ ಬರುತ್ತದೆ. ಒಮ್ಮೆ ನಳಿಕೆ ಹಾಕಿ ಖಾಲಿ ಮಾಡಿದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಸರಾಗವಾಗಿ ಒಂದು ಸಲ ಮೂತ್ರ ಆಗುವವರೆಗೆ ಮನೆಗೆ ಹೋಗುವ ಮಾತೇ ಬೇಡ.

ಎರಡನೆಯದು ರಕ್ತ. ಡ್ರೆಸ್ಸಿಂಗ್ ಮೇಲೆ ಕಲೆ ಇರುತ್ತದೆ. ಅದು ಒದ್ದೆಯಾಗಿ ಹರಡುತ್ತಾ ಹೋದರೆ ತೋರಿಸಿ. ಮೂರನೆಯದು ತಲೆನೋವು: ಎದ್ದು ಕೂತರೆ ಸಿಡಿಯುವುದು, ಮಲಗಿದರೆ ಇಳಿಯುವುದು. ಇದು ಬೆನ್ನಿನ ಇಂಜೆಕ್ಷನ್ನಿನಿಂದ ಬರುವಂಥದ್ದು, ಒಂದೆರಡು ದಿನ ಬಿಟ್ಟೂ ಕಾಣಿಸಿಕೊಳ್ಳಬಹುದು. ಅರಿವಳಿಕೆ ಡಾಕ್ಟರಿಗೆ ಹೇಳಿದರೆ ಚಿಕಿತ್ಸೆ ಇದೆ.

ಕಾಲಿಗೆ ಸ್ಪರ್ಶ ಪೂರ್ತಿ ಬಂದಮೇಲೆ ಅವತ್ತೇ ನಾಲ್ಕು ಹೆಜ್ಜೆ ಓಡಾಡಿಸಿ. ಮಲಗಿದಲ್ಲೇ ಇದ್ದರೆ ಹೊಟ್ಟೆಯೂ ಕಟ್ಟುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇದೆ.

ಹಂತ 3: ಗುಳಿಗೆಗಳನ್ನು ಗಡಿಯಾರ ನೋಡಿ ಕೊಡಿ

ನೋವು ಬಂದಮೇಲೆ ಗುಳಿಗೆ ಹುಡುಕುವುದಲ್ಲ. ಮೊದಲ ಎರಡು-ಮೂರು ದಿನ ನೋವು ಹೆಚ್ಚಿರುತ್ತದೆ, ಆಗ ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ನೋವು ತಲೆ ಎತ್ತುವುದಿಲ್ಲ. ನೋವು ಹತೋಟಿಯಲ್ಲಿದ್ದರೆ ಸಂಡಾಸದ ಭಯವೂ ಕಡಿಮೆ.

ಪ್ಯಾರಾಸಿಟಮಾಲ್ ಲೆಕ್ಕ ಇಟ್ಟುಕೊಳ್ಳಿ. ದೊಡ್ಡವರಿಗೆ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು, ಅಂದರೆ 650 ಮಿಲಿಗ್ರಾಂನ ಗುಳಿಗೆ ಆರು. ಮೈತೂಕ ಕಡಿಮೆ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ ಅದಕ್ಕಿಂತ ಕಡಿಮೆ. ಟ್ರಮಡಾಲ್ ಇರುವ ಎಷ್ಟೋ ನೋವಿನ ಗುಳಿಗೆಗಳಲ್ಲಿ, ನೆಗಡಿಯ ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಟ್ರಮಡಾಲ್, ಕೊಡೀನ್ ಇಂಥವು ಹೊಟ್ಟೆ ಕಟ್ಟುತ್ತವೆ ಅನ್ನುವುದೂ ನೆನಪಿರಲಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇದ್ದವರಿಗಂತೂ ಕೂಡದು.

ಸೋಂಕಿಗೆ ಕೊಡುವ ಮೆಟ್ರೋನಿಡಜೋಲ್ ಗುಳಿಗೆ ಕೊಟ್ಟಿದ್ದರೆ ಬಾಯಿ ಕಬ್ಬಿಣದ ರುಚಿ ಆಗುತ್ತದೆ, ಮೂತ್ರ ಕೆಲವರಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ರಕ್ತ ಅಂತ ಗಾಬರಿ ಬೇಡ. ಆದರೆ ಆ ಗುಳಿಗೆ ನಡೆಯುವಾಗ, ಮುಗಿದು ಮೂರು ದಿನದವರೆಗೂ ಸೆರೆ, ಅಂದರೆ ಮದ್ಯ, ಮುಟ್ಟಬಾರದು.

ಪೈಲ್ಸ್‌ನಿಂದ ರಕ್ತ ಹೋಗಿ ಹೋಗಿ ರಕ್ತಹೀನತೆ ಆದವರಿಗೆ ಕಬ್ಬಿಣಾಂಶದ ಗುಳಿಗೆ ಕೊಟ್ಟಿರುತ್ತಾರೆ. ಅದೂ ಮಲ ಗಟ್ಟಿ ಮಾಡುತ್ತದೆ. ಮೊದಲ ವಾರ ಅದನ್ನು ನಿಲ್ಲಿಸಬಹುದೇ ಅಂತ ಡಾಕ್ಟರಿಗೇ ಕೇಳಿ.

ಹಂತ 4: ಮೊದಲ ಸಲದ ಸಂಡಾಸ

ಎಲ್ಲರೂ ಸೋಲುವ ಜಾಗ ಇದು. ವಾರ್ಡಿಗೆ ಬರುವ ಫೋನ್‌ಗಳಲ್ಲಿ ಬಹಳಷ್ಟು ಹೀಗೇ ಇರುತ್ತವೆ: "ಸಿಸ್ಟರ್, ಮೂರು ದಿನ ಆತ್ರಿ. ಹೋಗಬೇಕು ಅನಸ್ತದ, ಆದ್ರ ಹೆದರಿಕಿ ಬರ್ತದ್ರಿ. ನಮ್ಮವ್ವ ಊಟಾನೂ ಬಿಟ್ಟಾಳ, ಉಂಡ್ರ ಅಲ್ಲ ಬರೋದು ಅಂತಾಳ."

ಊಟ ಬಿಟ್ಟರೆ ಮಲ ಬರುವುದಿಲ್ಲ ಅನ್ನುವುದು ಸುಳ್ಳು. ಬರುತ್ತದೆ, ಸಣ್ಣಗೆ ಗಟ್ಟಿಯಾಗಿ ಕಲ್ಲಿನಂತೆ ಬರುತ್ತದೆ, ಗಾಯ ಗೀರಿಕೊಂಡು ಬರುತ್ತದೆ. ತಡೆದುಕೊಂಡಷ್ಟೂ ಒಳಗಿನ ಕರುಳು ಮಲದ ನೀರು ಹೀರುತ್ತಲೇ ಇರುತ್ತದೆ. ಇವತ್ತು ಆಗಬೇಕಿದ್ದದ್ದನ್ನು ನಾಳೆಗೆ ಹಾಕಿದರೆ ನಾಳೆ ನೋವು ಎರಡು ಪಟ್ಟು.

ಕ್ರಮ ಹೀಗಿರಲಿ. ಲ್ಯಾಕ್ಟುಲೋಸ್‌ನಂಥ ಸಿರಪ್ ಕುಡಿದ ಕೂಡಲೇ ಕೆಲಸ ಮಾಡುವುದಿಲ್ಲ, ಒಂದರಿಂದ ಎರಡು ದಿನ ಬೇಕು. ಆದ್ದರಿಂದ ಡಾಕ್ಟರ್ ಹೇಳಿದ ಪ್ರಮಾಣವನ್ನು ಆಪರೇಶನ್ ಆದ ದಿನ ರಾತ್ರಿಯಿಂದಲೇ ಶುರು ಮಾಡಬೇಕು. ಮೂರನೇ ದಿನ ಸಂಕಟ ಶುರುವಾದ ಮೇಲೆ ಬಾಟಲಿ ತೆಗೆದರೆ ತಡವಾಯಿತು. ಇಸಬಗೋಲ್ ಒಂದೆರಡು ಚಮಚ ತುಂಬಿದ ಗ್ಲಾಸ್ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಬೇಕು, ಮೇಲೆ ಇನ್ನೊಂದು ಗ್ಲಾಸ್ ನೀರು. ನೀರು ಕಡಿಮೆಯಾದರೆ ಇಸಬಗೋಲ್ ತಾನೇ ಗಟ್ಟಿಯಾಗಿ ತೊಂದರೆ ಕೊಡುತ್ತದೆ. ಬೇರೆ ಗುಳಿಗೆಗೂ ಇದಕ್ಕೂ ಎರಡು ತಾಸಿನ ಅಂತರ ಇರಲಿ.

ಬೆಳಿಗ್ಗೆ ಎದ್ದು ಬಿಸಿನೀರೋ ಚಹಾವೋ ಕುಡಿದು, ಏನಾದರೂ ತಿಂದು, ಹತ್ತು ನಿಮಿಷ ಅಂಗಳದಲ್ಲಿ ಓಡಾಡಿ. ಹೊಟ್ಟೆಗೆ ಬಿದ್ದಾಗ ಕರುಳು ತಾನಾಗಿ ಚಲಿಸುತ್ತದೆ. "ತಂಬಾಕು ಹಾಕದ ಹೊರತು ಸಂಡಾಸ ಆಗಂಗಿಲ್ಲ" ಅನ್ನುವವರು ನಮ್ಮ ಕಡೆ ಬಹಳ. ಆ ಅಭ್ಯಾಸಕ್ಕೆ ಬದಲು ಇದೇ. ತಂಬಾಕು, ಗುಟ್ಕಾ, ಬೀಡಿ ರಕ್ತನಾಳ ಬಿಗಿಹಿಡಿಸಿ ಗಾಯ ಮಾಯುವುದನ್ನು ನಿಧಾನ ಮಾಡುತ್ತವೆ. ಗಾಯ ಮಾಯುವವರೆಗಾದರೂ ಬಿಡಲೇಬೇಕು.

ನೋವಿನ ಗುಳಿಗೆ ತೆಗೆದುಕೊಂಡು ಮುಕ್ಕಾಲು ತಾಸು ಕಳೆದ ಮೇಲೆ ಹೋದರೆ ಒಳ್ಳೆಯದು. ಮರಗಟ್ಟಿಸುವ ಜೆಲ್ ಬರೆದಿದ್ದರೆ ಐದ್ಹತ್ತು ನಿಮಿಷ ಮೊದಲು ಹೊರಗಿನಿಂದ ಸವರಿಕೊಳ್ಳಿ. ಕಮೋಡಿನ ಮೇಲೆ ಕೂತು, ಕಾಲು ಮಣೆಯ ಮೇಲಿಟ್ಟು, ಸ್ವಲ್ಪ ಮುಂದಕ್ಕೆ ಬಾಗಿ. ಬಾಯಿ ತೆರೆದು ಉಸಿರು ಬಿಡುತ್ತಿರಿ, ಉಸಿರು ಕಟ್ಟಿ ತಿಣುಕಬೇಡಿ. ಫೋನ್ ಹೊರಗೇ ಇರಲಿ. ಐದು ನಿಮಿಷಕ್ಕೆ ಆಗದಿದ್ದರೆ ಎದ್ದು ಬನ್ನಿ, ಮತ್ತೆ ಅನ್ನಿಸಿದಾಗ ಹೋಗಿ. ಬಾಗಿಲ ಚಿಲಕ ಹಾಕಬೇಡಿ. ನೋವಿಗೋ ರಕ್ತ ಕಂಡೋ ತಲೆ ತಿರುಗಿ ಒಳಗೆ ಬಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ. ಹೊರಗೆ ಒಬ್ಬರು ನಿಂತಿರಲಿ.

ನೋವು ಇರುತ್ತದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಒಂದಿಷ್ಟು ರಕ್ತದ ಹನಿ ಬೀಳುತ್ತದೆ, ಮಲದ ಮೇಲೆ ಗೆರೆ ಕಾಣುತ್ತದೆ, ಅದು ನಡೆಯುತ್ತದೆ. ಆಮೇಲೆ ನೇರವಾಗಿ ಬೆಚ್ಚನೆಯ ನೀರಿನಲ್ಲಿ ಕೂರಿ, ಉರಿ ಇಳಿಯುತ್ತದೆ.

ಮೂರು ದಿನ ಪೂರ್ತಿ ಆದರೂ ಸಂಡಾಸ ಆಗಿಲ್ಲ ಅಂದರೆ ಸರ್ಜನ್‌ಗೆ ಫೋನ್ ಮಾಡಿ. ಮನೆಯಲ್ಲೇ ಎನಿಮಾ, ಬೆರಳು, ಸಾಬೂನಿನ ತುಂಡು ಯಾವುದನ್ನೂ ಒಳಗೆ ಹಾಕಬಾರದು, ಹೊಲಿಗೆ ಕಿತ್ತುಬರುತ್ತದೆ. ಒಂದು ಮೋಸದ ಲಕ್ಷಣ ತಿಳಿದಿರಿ: ಹಲವು ದಿನ ಮಲ ಕಟ್ಟಿ, ಆಮೇಲೆ ನೀರಿನಂತೆ ಸ್ವಲ್ಪ ಸ್ವಲ್ಪ ಸೋರುತ್ತಿದ್ದರೆ ಅದು ಭೇದಿ ಆಗಿರಲಿಕ್ಕಿಲ್ಲ. ಒಳಗಿನ ಗಟ್ಟಿ ಉಂಡೆಯ ಪಕ್ಕದಿಂದ ನೀರು ಮಾತ್ರ ಜಾರಿ ಬರುತ್ತಿರಬಹುದು. ಆಗ ಭೇದಿ ನಿಲ್ಲಿಸುವ ಗುಳಿಗೆ ಕೊಟ್ಟರೆ ಪರಿಸ್ಥಿತಿ ಇನ್ನೂ ಕೆಡುತ್ತದೆ.

ಹಂತ 5: ಬೆಚ್ಚನೆಯ ನೀರು, ಗಾಯದ ಆರೈಕೆ

ದಿನಕ್ಕೆ ಮೂರ್ನಾಲ್ಕು ಸಲ, ಸಂಡಾಸವಾದ ಪ್ರತಿ ಸಲ, ಹತ್ತರಿಂದ ಹದಿನೈದು ನಿಮಿಷ ಟಬ್ಬಿನ ಬೆಚ್ಚನೆಯ ನೀರಿನಲ್ಲಿ ಕೂರಬೇಕು. ನೀರು ಕೂಸಿಗೆ ಎರೆಯುವಷ್ಟು ಬೆಚ್ಚಗಿದ್ದರೆ ಸಾಕು. ಮೊಣಕೈ ಅದ್ದಿ ನೋಡಿ. ಬೆನ್ನಿನ ಇಂಜೆಕ್ಷನ್ನಿನ ಜೋಮು ಇಳಿಯುವ ಮೊದಲು ಕೂರಿಸಿದರೆ ಸುಟ್ಟರೂ ಗೊತ್ತಾಗುವುದಿಲ್ಲ. ಡೆಟಾಲ್, ಅರಿಶಿನ, ಪೊಟ್ಯಾಶ್ (ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್) ನಿಮ್ಮಷ್ಟಕ್ಕೆ ಹಾಕಬೇಡಿ, ಚರ್ಮ ಕೆರಳುತ್ತದೆ. ಬರೀ ಶುದ್ಧ ನೀರು. ಎದ್ದಮೇಲೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಿ, ತಿಕ್ಕಬೇಡಿ. ಪ್ಯಾಡ್ ಒದ್ದೆಯಾದಾಗಲೆಲ್ಲ ಬದಲಿಸಿ.

ಹೊಲಿಯದೆ ಬಿಟ್ಟ ಗಾಯದಿಂದ ಮೂರ್ನಾಲ್ಕು ವಾರ ತಿಳಿಗೆಂಪು, ಹಳದಿ ನೀರು ಒಸರುವುದು ಸಹಜ. ಸುತ್ತಲಿನ ಚರ್ಮ ಮೊದಲ ವಾರ ಉಬ್ಬಿರುತ್ತದೆ, ಮತ್ತೆ ಗಂಟು ಬಂತೋ ಅಂತ ಎಷ್ಟೋ ಜನ ಅಳುತ್ತಾರೆ. ಹೆಚ್ಚಿನಂಶ ಬಾವು, ಇಳಿಯುತ್ತದೆ. ಸಂಡಾಸವಾದಾಗ ಹೊಲಿಗೆಯ ದಾರದ ತುಂಡು ಬಿದ್ದರೂ ಗಾಬರಿ ಬೇಡ, ಕರಗುವ ದಾರ ಹಾಗೆ ಉದುರುತ್ತದೆ.

ಬಸ್‌ಸ್ಟ್ಯಾಂಡ್ ಸುತ್ತಮುತ್ತ ಬೋರ್ಡ್ ಹಾಕಿಕೊಂಡು ಒಂದೇ ಸೂಜಿಯಲ್ಲಿ ಮೂಲವ್ಯಾಧಿ ವಾಸಿ ಅನ್ನುವವರ ಲೇಪ, ಪುಡಿ, ಇಂಜೆಕ್ಷನ್ ಹತ್ತಿರವೂ ಸುಳಿಯಬೇಡಿ. ಸುಡುವ ರಾಸಾಯನಿಕ ತಾಗಿ ಆ ಭಾಗ ಕೊಳೆತು, ಆಮೇಲೆ ಮಲ ಹೋಗುವ ದಾರಿಯೇ ಕಿರಿದಾಗಬಹುದು. ಇದನ್ನು ಸರಿಪಡಿಸುವುದು ಮೊದಲಿನ ಆಪರೇಶನ್ನಿಗಿಂತ ಕಷ್ಟ.

ಹಂತ 6: ಊಟ, ನೀರು

ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರಿನಲ್ಲೇ ನೀರೆಲ್ಲ ಹೋದಮೇಲೆ ಮಲಕ್ಕೆ ಏನು ಉಳಿಯುತ್ತದೆ? ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ನೀರು ಬೇಕು. ಹೃದಯ, ಕಿಡ್ನಿ ತೊಂದರೆಗೆ ನೀರು ಮಿತಿ ಮಾಡಿದವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

ಜೋಳದ ರೊಟ್ಟಿ ಬಿಡಬೇಕಾಗಿಲ್ಲ. ಅದರಲ್ಲಿ ನಾರು ಚೆನ್ನಾಗಿದೆ. ಆದರೆ ಖಡಕ್ ರೊಟ್ಟಿಗೆ ಒಣ ಶೇಂಗಾ ಹಿಂಡಿ ಹಚ್ಚಿಕೊಂಡು ಅರ್ಧ ಗ್ಲಾಸ್ ನೀರು ಕುಡಿದು ಏಳುವ ಊಟ ಈಗ ಬೇಡ. ಮೆತ್ತನೆಯ ಬಿಸಿ ರೊಟ್ಟಿ, ಮೆಂತ್ಯ ಪಲ್ಯ, ಹೀರೇಕಾಯಿ, ಹೆಸರುಬೇಳೆ, ನುಚ್ಚು-ಮಜ್ಜಿಗೆ ಚೆನ್ನಾಗಿ ಹೊಂದುತ್ತವೆ. ಪಪ್ಪಾಯಿ, ಪಕ್ವವಾದ ಬಾಳೆಹಣ್ಣು, ರಾತ್ರಿ ನೆನೆಹಾಕಿದ ಒಣದ್ರಾಕ್ಷಿ. ದ್ರಾಕ್ಷಿ ಬೆಳೆಯುವ ಜಿಲ್ಲೆಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಹಣ್ಣಿನ ಲೆಕ್ಕ ನೋಡಿ ತಿನ್ನಲಿ, ಸಕ್ಕರೆ ಹತೋಟಿ ತಪ್ಪಿದರೆ ಗಾಯ ಮಾಯುವುದಿಲ್ಲ, ಸೋಂಕು ಬೇಗ ಹತ್ತುತ್ತದೆ.

ರಂಜಕ, ಮಿರ್ಚಿ ಭಜಿ, ಖಾರದ ಎಸರು ಎರಡು-ಮೂರು ವಾರ ದೂರ ಇಡಿ. ಖಾರ ಗಾಯವನ್ನು ಹಾಳು ಮಾಡುತ್ತದೆ ಅಂತಲ್ಲ, ಹೋಗುವಾಗ ಸುಟ್ಟಂತೆ ಉರಿಯುತ್ತದೆ, ಉರಿಗೆ ಹೆದರಿ ಮತ್ತೆ ತಡೆದುಕೊಳ್ಳುತ್ತಾರೆ. ನಂಜು ಅಂತ ಬೇಳೆ, ತತ್ತಿ, ಮೊಸರು ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡುವ ಮನೆಗಳಿವೆ. ಗಾಯ ಕೂಡಲು ಪ್ರೋಟೀನ್ ಬೇಕು, ಕೊಡಿ.

ಮಲ ಮೆತ್ತಗೆ ಇರಬೇಕು, ನೀರಾಗಬಾರದು. ಭಯಕ್ಕೆ ಸಿರಪ್ ಎರಡು ಪಟ್ಟು ಕುಡಿದು ದಿನಕ್ಕೆ ಐದಾರು ಸಲ ನೀರುನೀರಾಗಿ ಹೋದರೆ ಗಾಯ ಕೆರಳುತ್ತದೆ. ಅಷ್ಟೇ ಅಲ್ಲ, ಗಾತ್ರ ಇರುವ ಮೆತ್ತನೆಯ ಮಲ ದಿನಾ ಹಾದುಹೋಗುವುದೇ ದಾರಿ ಕಿರಿದಾಗದಂತೆ ತಡೆಯುವ ಉಪಾಯ. ನೀರಾದರೆ ಸಿರಪ್ ಕಡಿಮೆ ಮಾಡುವ ಬಗ್ಗೆ ಕೇಳಿ.

ಹಂತ 7: ಐದನೇ ದಿನದಿಂದ ಹದಿನಾಲ್ಕನೇ ದಿನ

ನೋವು ಇಳಿದಿರುತ್ತದೆ, ಮುಖದ ಮೇಲೆ ಕಳೆ ಬಂದಿರುತ್ತದೆ, ಮನೆಯವರೂ ಕೆಲಸಕ್ಕೆ ಹಿಂದಿರುಗಿರುತ್ತಾರೆ. ಆಪರೇಶನ್ ನಂತರದ ಎರಡನೇ ಸುತ್ತಿನ ರಕ್ತಸ್ರಾವ ಬರುವುದು ಈ ದಿನಗಳಲ್ಲೇ. ಗಂಟಿನ ಬುಡಕ್ಕೆ ಕಟ್ಟಿದ ದಾರ, ಅದರ ತುದಿಯ ಸತ್ತ ಮಾಂಸ ಕಳಚಿ ಬೀಳುವ ಹೊತ್ತು. ಅಲ್ಲಿ ಸೋಂಕು ಇದ್ದರೆ, ಗಟ್ಟಿ ಮಲ ಗೀರಿದರೆ ರಕ್ತನಾಳ ತೆರೆದುಕೊಳ್ಳಬಹುದು. ಎಲ್ಲ ಎಚ್ಚರಿಕೆ ತೆಗೆದುಕೊಂಡವರಿಗೂ ಕೆಲವೊಮ್ಮೆ ಆಗುತ್ತದೆ. ಎಲ್ಲರಿಗೂ ಆಗುವುದಿಲ್ಲ, ಬಹಳ ಮಂದಿಗೆ ಏನೂ ಆಗುವುದಿಲ್ಲ. ಆದರೆ ಆದವರು ಆಸ್ಪತ್ರೆಯಿಂದ ಎಷ್ಟು ದೂರ ಇದ್ದಾರೆ ಅನ್ನುವುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ.

ಆದ್ದರಿಂದ ಈ ಎರಡು ವಾರ ಜಾತ್ರೆ, ಮದುವೆ, ದೂರದ ಬಸ್ ಪ್ರಯಾಣ, ರಾತ್ರಿ ರೈಲು ಬೇಡ. ಟ್ರ್ಯಾಕ್ಟರ್ ಸೀಟು, ಟಂಟಂ, ಕೆಟ್ಟ ರಸ್ತೆಯಲ್ಲಿ ಬೈಕ್ ಬೇಡ. ನಾಲ್ಕೈದು ಕಿಲೋಗಿಂತ ಹೆಚ್ಚು ಎತ್ತಬೇಡಿ. ಇದನ್ನು ಕೇಳಿ ಗೊಬ್ಬರದ ಚೀಲ, ಕಬ್ಬಿನ ಹೊರೆ ಬಿಡುತ್ತಾರೆ. ಆದರೆ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ತರುವುದನ್ನು ಯಾರೂ ಭಾರ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು 20 ಕಿಲೋ. ಹೆಣ್ಣುಮಕ್ಕಳು ಕೊಡ ಹೊರುವುದು, ಎರಡು ವರ್ಷದ ಮಗುವನ್ನು ಸೊಂಟಕ್ಕೆ ಎತ್ತಿಕೊಳ್ಳುವುದೂ ಅಷ್ಟೇ. ಸೊಸೆಗೆ ಆಪರೇಶನ್ ಆಗಿದ್ದರೆ ಅತ್ತೆ, ನಾದಿನಿ ಈ ಹದಿನೈದು ದಿನ ನೀರಿನ ಕೆಲಸ ಹಂಚಿಕೊಳ್ಳಲೇಬೇಕು. "ಎದ್ದು ಓಡಾಡಾಕತ್ತಾಳ, ಇನ್ನೇನ" ಅನ್ನುವ ಮಾತು ಬೇಡ.

ರಕ್ತವನ್ನು ಓದುವ ಬಗೆ ಇಲ್ಲಿದೆ. ಸಂಡಾಸದ ಹೊತ್ತಿಗೆ ಕೆಲವು ಹನಿ, ಪ್ಯಾಡ್ ಮೇಲೆ ರೂಪಾಯಿ ಬಿಲ್ಲೆಯಷ್ಟು ಕಲೆ: ಸಹಜ. ಮಲ ಆಗದೆಯೂ ರಕ್ತ ತೊಟ್ಟಿಕ್ಕುವುದು, ಒಂದು ತಾಸಿನೊಳಗೆ ಪ್ಯಾಡ್ ಪೂರ್ತಿ ತೊಯ್ಯುವುದು, ಹೆಪ್ಪುಗಟ್ಟಿದ ಗಡ್ಡೆಗಳು ಬೀಳುವುದು: ಹೊರಡಿ. ಕೆಲವೊಮ್ಮೆ ರಕ್ತ ಹೊರಗೆ ಕಾಣದೆ ಒಳಗೇ ಮೇಲಕ್ಕೆ ತುಂಬಿಕೊಳ್ಳುತ್ತದೆ. ಮತ್ತೆ ಮತ್ತೆ ಸಂಡಾಸಕ್ಕೆ ಅವಸರ ಆಗುತ್ತದೆ, ಹೋದರೆ ಮಲವಿಲ್ಲ, ಬರೀ ಕಪ್ಪುಗೆಂಪು ಗಡ್ಡೆ. ಜೊತೆಗೆ ಕಣ್ಣು ಕತ್ತಲೆ, ತಣ್ಣನೆಯ ಬೆವರು, ಎದೆ ಢವಢವ ಇದ್ದರೆ ಒಳಗೆ ಬಹಳ ಹೋಗಿದೆ ಅಂತ ಅರ್ಥ.

ಬೀಟ್‌ರೂಟ್ ತಿಂದ ಮರುದಿನ ಮಲ ಕೆಂಪಾಗಿ ಕಾಣುತ್ತದೆ, ಅದು ನೆನಪಿರಲಿ. ಕಬ್ಬಿಣದ ಗುಳಿಗೆಯಿಂದ ಮಲ ಕಪ್ಪು-ಹಸಿರಾಗುತ್ತದೆ. ಆದರೆ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯ ಕಪ್ಪು ಮಲ ಬಂದರೆ ರಕ್ತ ಮೇಲಿನಿಂದ, ಜಠರದ ಕಡೆಯಿಂದ ಬರುತ್ತಿರಬಹುದು. ನೋವಿನ ಗುಳಿಗೆಯಿಂದ ಹುಣ್ಣಾದಾಗ ಹೀಗಾಗುತ್ತದೆ. ಅದಕ್ಕೂ ಕೂಡಲೇ ತೋರಿಸಬೇಕು.

ರಕ್ತ ಹೆಚ್ಚಾದಾಗ: ಪಕ್ಕಕ್ಕೆ ಮಲಗಿಸಿ. ಶುಚಿ ಬಟ್ಟೆಯನ್ನು ದಪ್ಪಗೆ ಮಡಚಿ ಗುದದ್ವಾರದ ಮೇಲೆ ಬಿಗಿಯಾಗಿ ಒತ್ತಿ ಹಿಡಿಯಿರಿ. ತೆಗೆದು ತೆಗೆದು ನೋಡಬೇಡಿ. ಬೆಚ್ಚನೆಯ ನೀರಿನಲ್ಲಿ ಕೂರಿಸಬೇಡಿ, ರಕ್ತ ಹೆಚ್ಚುತ್ತದೆ. ಊಟ, ಚಹಾ ಕೊಡಬೇಡಿ, ಅರಿವಳಿಕೆ ಕೊಡಬೇಕಾಗಬಹುದು. 108ಕ್ಕೆ ಕರೆ ಮಾಡಿ, ಇಲ್ಲವೇ ಮಲಗಿಸಿಕೊಂಡು ಹೋಗಬಹುದಾದ ಗಾಡಿ ತರಿಸಿ. ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೋಗಬೇಡಿ, ದಾರಿಯಲ್ಲೇ ಪ್ರಜ್ಞೆ ತಪ್ಪಿದರೆ ಹಿಡಿಯಲಾಗುವುದಿಲ್ಲ. ಡಿಸ್ಚಾರ್ಜ್ ಕಾರ್ಡ್, ಗುಳಿಗೆಯ ಚೀಟಿ ಕೈಯಲ್ಲಿರಲಿ. ಎಷ್ಟು ಪ್ಯಾಡ್ ತೊಯ್ದವು ಅಂತ ಎಣಿಸಿ ಹೇಳಿ.

ಹಂತ 8: ಜ್ವರ, ಹೆಚ್ಚುತ್ತಿರುವ ನೋವು, ಕಟ್ಟಿದ ಮೂತ್ರ

ಈ ಮೂರೂ ಒಟ್ಟಿಗೆ ಬಂದರೆ ಒಂದು ನಿಮಿಷವೂ ಕಾಯಬೇಡಿ. ಆಳದ ಸೋಂಕು ಅಪರೂಪ, ಆದರೆ ಬಂದರೆ ಜೀವಕ್ಕೇ ಕುತ್ತು. ಹತ್ತು ನಿಮಿಷದಲ್ಲಿ ಮುಗಿಯುವ ರಬ್ಬರ್ ಬ್ಯಾಂಡ್ ಚಿಕಿತ್ಸೆಯ ನಂತರವೂ, ಸ್ಟೇಪ್ಲರ್ ನಂತರವೂ ಇದು ಬರಬಹುದು. ಅಷ್ಟು ಸಣ್ಣ ಚಿಕಿತ್ಸೆಗೆ ಏನಾಗುತ್ತದೆ ಅಂತ ಅಸಡ್ಡೆ ಮಾಡುವುದರಿಂದಲೇ ಅದು ಹೆಚ್ಚು ಅಪಾಯ.

ಸಹಜ ನೋವು ದಿನದಿಂದ ದಿನಕ್ಕೆ ಇಳಿಯುತ್ತದೆ, ಸಂಡಾಸದ ಹೊತ್ತಿಗೆ ಏರಿ ಮತ್ತೆ ಇಳಿಯುತ್ತದೆ. ಮೂರು-ನಾಲ್ಕನೇ ದಿನದ ಮೇಲೆ ನೋವು ಏರುತ್ತಲೇ ಹೋಗಿ ಗುಳಿಗೆಗೂ ಬಗ್ಗದಿದ್ದರೆ, ಮಿಡಿಯುವಂತೆ ಸಿಡಿಯುತ್ತಿದ್ದರೆ ಅದು ಬೇರೆ ನೋವು. ಸಂಜೆ ಹೊತ್ತು ಥರ್ಮಾಮೀಟರ್ ಇಟ್ಟು ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರ. ಪ್ಯಾರಾಸಿಟಮಾಲ್ ಜ್ವರವನ್ನು ಮರೆಮಾಡುತ್ತದೆ, ಆದ್ದರಿಂದ ಗುಳಿಗೆ ನುಂಗುವ ಮೊದಲು ನೋಡಬೇಕು.

ಚಳಿ ನಡುಕ, ಕೊಳೆತ ವಾಸನೆಯ ಕೀವು, ಗುದದಿಂದ ವೃಷಣದವರೆಗೆ ಅಥವಾ ತೊಡೆಯ ಕಡೆಗೆ ಚರ್ಮ ಕೆಂಪಾಗಿ, ಕಪ್ಪಾಗಿ ಹರಡುವುದು, ಕಿಬ್ಬೊಟ್ಟೆ ನೋವು ಮತ್ತು ಉಬ್ಬರ: ಯಾವುದೇ ಒಂದು ಇದ್ದರೂ ಅದೇ ದಿನ ಆಸ್ಪತ್ರೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ತಾಸುಗಳಲ್ಲಿ ಹರಡುತ್ತದೆ. ಮನೆಯಲ್ಲಿ ಉಳಿದಿದ್ದ ಹಳೆಯ ಆಂಟಿಬಯಾಟಿಕ್ ನುಂಗಿ ಕಾಯುವುದು ತಪ್ಪು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಸಿಕ್ಕದಿರುವುದು, ಎದೆನೋವು ಕೂಡ ಇದೇ ಸಾಲಿಗೆ ಸೇರುತ್ತವೆ.

ಹಂತ 9: ಮೂರನೇ ವಾರದ ಮೇಲೆ

ಹೊಲಿಯದೆ ಬಿಟ್ಟ ಗಾಯ ಪೂರ್ತಿ ಮಾಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಗಾಳಿ ತಡೆಯಲಾಗದೆ ಜಾರಿಹೋಗುವುದು, ಬಟ್ಟೆಗೆ ಸ್ವಲ್ಪ ಅಂಟು ದ್ರವ ಹತ್ತುವುದು ಕೆಲವರಿಗೆ ಮೊದಲ ವಾರಗಳಲ್ಲಿ ಇರುತ್ತದೆ, ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ. ಮಲವೇ ಹಿಡಿತ ತಪ್ಪುತ್ತಿದ್ದರೆ, ಆರು ವಾರವಾದರೂ ಸೋರಿಕೆ ನಿಲ್ಲದಿದ್ದರೆ ಹೇಳಿ. ನಾಚಿಕೆಯಿಂದ ಇದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಮದುವೆ ಮುಂಜಿಗೂ ಹೋಗದವರಿದ್ದಾರೆ, ಹಾಗೆ ಕೊರಗಬೇಡಿ. ಚಿಕಿತ್ಸೆ ಇದೆ.

ವಾರಗಳು, ತಿಂಗಳುಗಳು ಕಳೆದಂತೆ ಮಲ ಪೆನ್ಸಿಲಿನಷ್ಟು ಸಪೂರ ಆಗುತ್ತಾ ಬಂದರೆ, ಮೆತ್ತಗಿದ್ದರೂ ತಿಣುಕಬೇಕಾದರೆ, ಗುದದ್ವಾರ ಕಿರಿದಾಗುತ್ತಿರಬಹುದು. ಬೇಗ ತೋರಿಸಿದರೆ ನಾರಿನ ಊಟ ಮತ್ತು ಆಸ್ಪತ್ರೆಯಲ್ಲಿ ಹಿಗ್ಗಿಸುವುದರಿಂದಲೇ ಸರಿಹೋಗಬಹುದು, ತಡವಾದರೆ ಮತ್ತೆ ಆಪರೇಶನ್. ಆರು ವಾರದ ಮೇಲೂ ಸಂಡಾಸದ ಹೊತ್ತಿಗೆ ಕತ್ತರಿಸಿದಂಥ ನೋವು ಬರುತ್ತಿದ್ದರೆ ಬಿರುಕು ಇರಬಹುದು. ಪಕ್ಕದಲ್ಲಿ ಸಣ್ಣ ಬೊಕ್ಕೆ ಎದ್ದು ಒಡೆದು ಮತ್ತೆ ಮತ್ತೆ ಕೀವು ಬರುತ್ತಿದ್ದರೆ ಭಗಂದರ (ಒಳಗಿನಿಂದ ಹೊರಚರ್ಮದವರೆಗೆ ಆದ ಸಣ್ಣ ಸುರಂಗ, ಫಿಸ್ಟುಲಾ) ಇರಬಹುದು. ಸ್ಟಿರಾಯ್ಡ್ ಇರುವ ಪೈಲ್ಸ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುತ್ತಾ ಕೂರಬೇಡಿ, ಚರ್ಮ ತೆಳುವಾಗಿ ತೊಂದರೆ ಬೆಳೆಯುತ್ತದೆ.

ಮತ್ತೆ ತೋರಿಸಲು ಹೋದ ದಿನ ಬಯಾಪ್ಸಿ ವರದಿ ಕೇಳಿ. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಿದ್ದರೆ ಆ ಕಾಗದ ಲ್ಯಾಬಿನಲ್ಲೇ ಉಳಿದುಬಿಡುವುದುಂಟು. ನಲವತ್ತೈದು ದಾಟಿದವರಿಗೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದವರಿಗೆ, ತೂಕ ಇಳಿಯುತ್ತಿರುವವರಿಗೆ, ಗಾಯ ಮಾಯ್ದ ಮೇಲೂ ಮಲದಲ್ಲಿ ರಕ್ತ ಕಾಣುತ್ತಿರುವವರಿಗೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳು ನೋಡುವ ಪರೀಕ್ಷೆ) ಬೇಕೇ ಅಂತ ಅದೇ ದಿನ ಕೇಳಿ. ಆಪರೇಶನ್ ಆಗಿದೆಯಲ್ಲ, ಅದೇ ಹಳೆಯ ಪೈಲ್ಸ್ ಇರಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಎರಡನೇ ಸಲ ಬಂದ ರಕ್ತವನ್ನೂ ಮೊದಲ ಸಲದಂತೆಯೇ ಪರೀಕ್ಷೆ ಮಾಡಿಸಬೇಕು.